ಸೀಗೇಹಳ್ಳಿ ಗುಡ್ಲಿನ ಓದು

ಕಾರ್ತಿಕಾ ಮತ್ತೆ ಓದುತ್ತೇನೆ ಎಂದಾಗ ಸೀಗೇಹಳ್ಳಿಯ ಗಂಡನ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಮುನಿಸಿಕೊಂಡು ತವರಿಗೆ ಹೋಗಿ ಕೂರಬಹುದಿತ್ತು. ಮಾವ ಮಾರಿಯಪ್ಪ ಕುರಿ ರೊಪ್ಪದ ಬಾಯಿಗೆ ಮುಳ್ಳು ಎಳೆಯುತ್ತಾ, "ಓದ್ಲಿ ಬಿಡು, ನಮ್ಮ ಅಟ್ಟಿಗೂ ಒಂದು ಪೆರಿಯ ಪಡಿಪ್ಪು, ದೊಡ್ಡ ಓದು ಬರ್ಲಿ" ಎಂದ. ಪೆನ್ನಾಗರಂ ಸಂತೆಗೆ ಕುರಿ ಸಾಗಿಸುವ ಟೆಂಪೋ ಓಡಿಸುವ ಗಂಡ ಶಿವಾ ತನ್ನ ಫೋನಿನಲ್ಲೇ ಫೀಸು ಕಟ್ಟಿದ. ಅತ್ತೆ ಮುತ್ಯಾಲಮ್ಮ, "ಓದಮ್ಮಿ, ನಂಗಂತೂ ಬಸ್ಸಿನ ಬೋರ್ಡು ಓದಾಕೂ ಬರಾಕಿಲ್ಲ" ಎಂದಳು. ಹೀಗೆ ಎಲ್ಲರೂ ಓದು ಎಂದರು. ಪೊರಕೆ ಇತ್ತ ಕೊಡು ಎಂದು ಮಾತ್ರ ಯಾರೂ ಕೈ ಚಾಚಲಿಲ್ಲ.

ಅವಳು ಅದಿಯಮಾನ್‌ಕೋಟೆಯ ಹುಡುಗಿ. ಬಿ.ಎಸ್ಸಿ. ಮುಗಿಸಿ, ಮದುವೆಗೆ ಮುಂಚೆ ಧರ್ಮಪುರಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೌಂಟರಿನಲ್ಲಿ ಕೂರುತ್ತಿದ್ದಳು. ಬೆಟ್ಟದ ಕಡೆಯಿಂದ ಬಂದ ಕನ್ನಡ ಮನೆಮಾತಿನ ಹೆಂಗಸರು ತಮಿಳಿನಲ್ಲಿ ತಡವರಿಸುತ್ತಾ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡುವುದನ್ನು ಅಲ್ಲಿಂದಲೇ ನೋಡಿದ್ದಳು. ಡಾಕ್ಟರ್ ಒಳ್ಳೆಯವರೇ, ನರ್ಸ್ ಕೂಡ ಒಳ್ಳೆಯವಳೇ. ಆದರೂ ರೋಗಿ ಅಲೆಯುತ್ತಾಳೆ. ಹಾಗಾದರೆ ಈ ಅಲೆದಾಟವನ್ನು ಏರ್ಪಾಡು ಮಾಡಿದವರು ಯಾರು, ಅದನ್ನು ತಪ್ಪಿಸಬೇಕಾದವರು ಯಾರು ಎಂಬ ಪ್ರಶ್ನೆ ಅವಳನ್ನು ಬಿಡಲಿಲ್ಲ. ಮಗಳು ಸರಿತಾ ಶಾಲೆಗೆ ಹೋಗತೊಡಗಿದ ಮೇಲೆ ಸೇಲಂನ ಒಂದು ಖಾಸಗಿ ಕಾಲೇಜಿನಲ್ಲಿ ಆರೋಗ್ಯ ಆಡಳಿತದ ಸ್ನಾತಕೋತ್ತರ ಪದವಿಗೆ ಸೇರಿದಳು. ಅದರಲ್ಲಿ ಜಾಗತಿಕ ಆರೋಗ್ಯ ಅವಳು ಆರಿಸಿಕೊಂಡ ವಿಷಯ. ವಾರದ ಕೊನೆಗೆ ಸೇಲಂನಲ್ಲಿ ತರಗತಿ, ಉಳಿದದ್ದೆಲ್ಲ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ.

ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಎಂದು ಬರೆಯುವುದು ಸುಲಭ. ಬೆಳಕು ಹರಿಯುವ ಮುಂಚೆ ರೊಪ್ಪ ಗುಡಿಸಿ ಹಿಕ್ಕೆ ಬಾಚಬೇಕು. ಟ್ಯಾಂಕಿನ ನಲ್ಲಿಯಲ್ಲಿ ನೀರು ಬಂದ ಗಳಿಗೆಗೆ ಕೊಡ ಹಿಡಿದು ನಿಲ್ಲಬೇಕು. ತಾಯಿ ಸತ್ತ ಕುರಿಮರಿಗೆ ಬಾಟಲಿಯಲ್ಲಿ ಹಾಲು. ಮಾವನ ಬುತ್ತಿಗೆ ರಾಗಿ ಮುದ್ದೆ, ಸೊಪ್ಪಿನ ಸಾರು. ಮಗಳ ಡಬ್ಬಿಗೆ ಮಾತ್ರ ದೋಸೆ, ಶಾಲೆಗೆ ಮುದ್ದೆ ತಂದವರನ್ನು ನೋಡಿ ಮಕ್ಕಳು ನಗುತ್ತಾರೆ. ಎಲ್ಲವೂ ಸೌದೆ ಒಲೆಯ ಮೇಲೆಯೇ. ಗ್ಯಾಸ್ ಸಿಲಿಂಡರ್ ಯಾವತ್ತೋ ಖಾಲಿಯಾಗಿ, ಸರಿತಾಳ ಸ್ಕೂಲ್ ಬ್ಯಾಗ್ ಇಡುವ ಪೀಠವಾಗಿತ್ತು. ಎಲ್ಲರೂ ಹೋದ ಮೇಲೆ ಬಟ್ಟೆ, ಪಾತ್ರೆ, ಸೌದೆ, ಮತ್ತೆ ನೀರು. ಅತ್ತೆಯ ಮಂಡಿ ಊದಿಕೊಂಡಿತ್ತು, ಸಕ್ಕರೆ ಕಾಯಿಲೆ ಬೇರೆ. ಅವಳು ಕೂತಲ್ಲಿಯೇ ಹುಣಸೆಹಣ್ಣು ಕುಟ್ಟುತ್ತಿದ್ದಳು, ಅವರೆ ಬಿಡಿಸುತ್ತಿದ್ದಳು. ಸುಮ್ಮನೆ ಕೂತದ್ದನ್ನು ಕಾರ್ತಿಕಾ ಕಂಡಿರಲಿಲ್ಲ. ಒಮ್ಮೆ ರೋಗದ ಹೊರೆಯನ್ನು ಅಳೆಯುವ ಪಾಠವಿತ್ತು. ಕಾಯಿಲೆಯಿಂದ ಒಂದು ದೇಶದ ಜನ ಒಟ್ಟು ಎಷ್ಟು ಬದುಕನ್ನು ಕಳೆದುಕೊಂಡರು ಎಂದು ಲೆಕ್ಕ ಹಾಕುವ ಕ್ರಮ. ಫೋನನ್ನು ಉಪ್ಪಿನ ಮಡಕೆಗೆ ಒರಗಿಸಿಟ್ಟು, ಮುದ್ದೆ ಕೋಲು ತಿರುವುತ್ತಾ ಅದನ್ನು ಕೇಳಿದಳು. ಒಲೆಯ ಮುಂದೆ ಕಳೆದ ಬದುಕಿಗೆ ಅದರಲ್ಲಿ ಕಾಲಂ ಇರಲಿಲ್ಲ. ಆ ಹೊತ್ತಿಗೆ ಮುದ್ದೆ ಗಂಟಾಯಿತು, ಫೋನಿನ ಮೇಲೆ ಹಿಟ್ಟು ಹಾರಿತು, ಪಾಠ ಮುಗಿದೇ ಹೋಯಿತು.

ಓದಲು ಜಾಗ ಸಿಕ್ಕಿದ್ದು ಯಾರೂ ನೆನೆಸದ ಕಡೆ.

ಸೀಗೇಹಳ್ಳಿಯ ಆಚೆ, ಹಳ್ಳದ ದಂಡೆಯ ಬಂಡೆಯ ಮೇಲೆ, ತಗಡು ಹೊದಿಸಿದ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಊರವರು ಗುಡ್ಲು ಎನ್ನುತ್ತಿದ್ದರು. ಮುಟ್ಟಾದ ಹೆಂಗಸು ಮೂರು ದಿನ ಅಲ್ಲಿರಬೇಕು. ಒಲೆ, ನೀರಿನ ಕೊಡ, ರೊಪ್ಪ, ಮಗು, ಯಾವುದನ್ನೂ ಮುಟ್ಟಬಾರದು. ಮಳೆ ಬಂದರೆ ನೆಲ ಜಿನುಗುತ್ತಿತ್ತು, ಬೇಸಿಗೆಯಲ್ಲಿ ತಗಡು ಸುಡುತ್ತಿತ್ತು. ಬಾಣಂತಿಯರೂ ಕೂಸಿನ ಸಮೇತ ಅಲ್ಲೇ ಇರಬೇಕಿತ್ತು. ಪಕ್ಕದ ಮನೆಯ ಶಾಂತಿಯ ಮೊದಲ ಕೂಸು ಅಲ್ಲಿನ ಚಳಿಗೆ ಹೋಗಿತ್ತು. ತವರಿನಲ್ಲಿ ಇಂಥದ್ದು ಕಾಣದ ಕಾರ್ತಿಕಾ ಮದುವೆಯಾದ ಹೊಸದರಲ್ಲಿ ಅಲ್ಲಿ ಕೂತು ಅತ್ತಿದ್ದಳು.

ಕಾಲೇಜು ಸೇರಿದ ಮೇಲೆ ಅಳು ನಿಂತಿತು. ಅಲ್ಲಿ ಅವಳನ್ನು ಯಾರೂ ಕರೆಯುವಂತಿರಲಿಲ್ಲ. ಅನ್ನವನ್ನು ಅತ್ತೆಯೇ ಕುಂಟುತ್ತಾ ತಂದು ಕಲ್ಲಿನ ಮೇಲಿಟ್ಟು ಹೋಗುತ್ತಿದ್ದಳು. ಮನೆಯೊಳಗೆ ಸಿಗದ ಸಿಗ್ನಲ್ ಬಂಡೆಯ ಮೇಲೆ ಚೆನ್ನಾಗಿ ಸಿಗುತ್ತಿತ್ತು. ದಿನ ಹತ್ತಿರ ಬಂದಂತೆ ಕಾರ್ತಿಕಾ ಪವರ್ ಬ್ಯಾಂಕ್ ಚಾರ್ಜ್ ಮಾಡಿ, ಓದಬೇಕಾದದ್ದನ್ನೆಲ್ಲ ಇಳಿಸಿಟ್ಟುಕೊಂಡು ಕಾಯತೊಡಗಿದಳು. ಮೊದಲ ಸಲ ಲ್ಯಾಪ್‌ಟಾಪ್ ಹಿಡಿದು ಹೊರಟಾಗ ಮುತ್ಯಾಲಮ್ಮ ಬಾಗಿಲಲ್ಲಿ ತಡೆದಳು.

"ಮುಟ್ಟಾದೋಳು ಪುಸ್ತಕ ಮುಟ್ಬಾರ್ದಮ್ಮಿ. ಸರಸ್ವತಿ."

"ಇದು ಪುಸ್ತಕ ಅಲ್ಲ ಅತ್ತೆ, ಲ್ಯಾಪ್‌ಟಾಪು."

ಮುತ್ಯಾಲಮ್ಮ ಅದನ್ನು ಹಿಂದೆ ಮುಂದೆ ನೋಡಿದಳು. ಹಿರಿಯರು ಲ್ಯಾಪ್‌ಟಾಪಿನ ವಿಷಯ ಏನೂ ಹೇಳಿಹೋಗಿರಲಿಲ್ಲ. "ಸರಿ, ಓಗು. ಬಾಗ್ಲು ಭದ್ರ."

ಗುಡ್ಲಿನಲ್ಲಿ ಆಗಲೇ ಕಾಲು ಚಾಚಿ ಮಲಗಿದ್ದ ಶಾಂತಿ ಈ ಕತೆ ಕೇಳಿ ಬಿದ್ದು ಬಿದ್ದು ನಕ್ಕಳು. "ಸರಸ್ವತಿ ಚಾರ್ಜರ್ ಒಳಗೆ ಬರಾಕಿಲ್ವಾ? ಸರಿ, ಏನ್ ಓದ್ತೀಯ? ನಮ್ಗೂ ಏಳು."

ಕಾರ್ತಿಕಾ ಹೇಳಿದಳು. ಇಥಿಯೋಪಿಯಾದಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನೇ ಓದಿಸಿ, ಸಂಬಳ ಕೊಟ್ಟು, ಮನೆಮನೆಯ ಆರೋಗ್ಯ ನೋಡಿಕೊಳ್ಳಲು ಇಟ್ಟಿದ್ದಾರೆ ಎಂದಳು. ಶಾಂತಿ ಯೋಚಿಸಿದಳು.

"ಅವ್ಳು ಊರಿನ ಮನೆಯೆಲ್ಲಾ ನೋಡ್ಕಂಡ್ರೆ, ಅವ್ಳ ಮನೇಲಿ ಇಟ್ಟು ತಿರುವೋರು ಯಾರು?"

"ಅದನ್ನ ಬರೆದಿಲ್ಲ ಶಾಂತಕ್ಕ."

"ಬರೆಯಾಕಿಲ್ಲ ಬಿಡು. ಬರ್ದೋನು ಗಂಡಸಾಗಿರ್ತಾನೆ." ಶಾಂತಿ ಮಗ್ಗುಲಾದಳು. "ನೀನ್ ಓದು. ನಾನ್ ನಿದ್ದೆ ಮಾಡ್ತೀನಿ. ಇಬ್ರ ಕೆಲ್ಸಾನೂ ಇಲ್ಲೇ ಆಗಾದು."

ಮೊದಲ ವರ್ಷದ ಪರೀಕ್ಷೆ ಹಾಗೆ ಕಳೆಯಿತು. ಎರಡನೆಯ ವರ್ಷಕ್ಕೆ ತಿಂಗಳ ಮೂರು ದಿನ ಸಾಲದೇ ಹೋಯಿತು. ಆಗ ಕಾರ್ತಿಕಾ ಸುಳ್ಳು ಹೇಳತೊಡಗಿದಳು. ಆಗದಿದ್ದರೂ ಆಯಿತೆಂದು ಹೇಳಿ ಗುಡ್ಲಿಗೆ ಹೋದಳು. ಆ ಊರಿನಲ್ಲಿ ಅದನ್ನು ಯಾರೂ ಪರೀಕ್ಷಿಸುತ್ತಿರಲಿಲ್ಲ. ಮೈಲಿಗೆಯನ್ನು ಯಾರಾದರೂ ಬೇಕೆಂದು ಹೊರುತ್ತಾರೆಂದು ಯಾರ ತಲೆಗೂ ಹೊಳೆಯುವಂತಿರಲಿಲ್ಲ. ಆದರೆ ಮುತ್ಯಾಲಮ್ಮ ಹೆಂಗಸು. ಸೊಸೆಗೆ ರಕ್ತ ಹೆಚ್ಚು ಹೋಗುತ್ತಿದೆ ಎಂದು ಅವಳಿಗೆ ಗಾಬರಿಯಾಯಿತು. ಎಲ್ಲಿಂದಲೋ ಬಾಳೆ ಹೂವು ತರಿಸಿ ಪಲ್ಯ ಮಾಡಿ, ಮೆಂತ್ಯದ ಗಂಜಿ ಕಾಯಿಸಿ, ಊದಿದ ಮಂಡಿ ಎಳೆದುಕೊಂಡು ಬಂಡೆ ಹತ್ತಿ ತಂದಿಟ್ಟಳು. "ಒಡಲು ಕಾಯ್ಕೋ ತಾಯಿ. ಡಾಕ್ಟ್ರತ್ರ ಓಗಾನಾ?" ಎಂದು ದೂರದಿಂದಲೇ ಕೇಳಿದಳು. ಕಾರ್ತಿಕಾ ಆ ಪಲ್ಯವನ್ನು ಪೂರ್ತಿ ತಿಂದಳು. ತಾನು ಓದುವ ಪ್ರತಿ ಪುಟಕ್ಕೂ ಈ ಮುದುಕಿಯ ಮಂಡಿ ಸವೆಯುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಓದಿದಳು.

ಕೊನೆಗೆ ಉಳಿದದ್ದು ಪ್ರಬಂಧ. ಅದನ್ನು ಬರೆದು ಒಪ್ಪಿಸದೆ ಪದವಿಯಿಲ್ಲ. ಕಾರ್ತಿಕಾ ಆಗಲೇ ಗಡುವು ದಾಟಿ, ಮತ್ತೆ ಅವಧಿ ಕೇಳಿ ಪಡೆದಿದ್ದಳು. ಇನ್ನು ತಪ್ಪಿದರೆ ನೋಂದಣಿ ರದ್ದಾಗಿ ಓದಿದ್ದೆಲ್ಲ ನೀರಿಗೆ. ಮಾರ್ಗದರ್ಶಕಿ ಶಶಿರೇಖಾ ಮೇಡಂ ಸೇಲಂನ ನೇಕಾರರ ಮನೆತನದವರು, ಅವರ ಮನೆಯಲ್ಲೂ ಕನ್ನಡವೇ. ವಿಷಯ ಯಾವುದು ಎಂದು ಕೇಳಿದಾಗ ಕಾರ್ತಿಕಾ ಆಸ್ಪತ್ರೆಯ ಕೌಂಟರುಗಳ ಬಗ್ಗೆ ಮಾಡುತ್ತೇನೆ ಎಂದಳು. ಅದಕ್ಕೆ ದಿನಗಟ್ಟಲೆ ಧರ್ಮಪುರಿಯಲ್ಲಿ ಇರಬೇಕಾಗುತ್ತದೆ, ಆಗುತ್ತಾ ಎಂದರು ಮೇಡಂ. ಆಗುತ್ತಿರಲಿಲ್ಲ. ಮಾತಿನ ನಡುವೆ ಗುಡ್ಲಿನ ಸಂಗತಿ ಹೊರಬಿತ್ತು. ಮೇಡಂ ಕನ್ನಡಕ ತೆಗೆದರು.

"ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು? ನೇಪಾಳದಲ್ಲಿ ಇಂಥದ್ದರ ಬಗ್ಗೆ ಎಷ್ಟು ಅಧ್ಯಯನ ಆಗಿದೆ! ನಿನ್ನ ಮನೆ ಹಿಂದೆಯೇ ಇದೆಯಲ್ಲೇ. ಎಲ್ಲಿಗೂ ಹೋಗಬೇಕಾಗಿಲ್ಲ, ಕೂತಲ್ಲೇ ಬರಿ."

ಕೂತಲ್ಲೇ ಬರಿ ಎಂಬ ಮಾತಿಗೆ ಕಾರ್ತಿಕಾ ಸೋತಳು. ಗುಡ್ಲಿನಲ್ಲಿ ಕೂತು ಗುಡ್ಲಿನ ಮೇಲೆಯೇ ಬರೆದಳು. ಬಂದ ಹೆಂಗಸರನ್ನೆಲ್ಲ ಮಾತಾಡಿಸಿದಳು. ಚಳಿ, ಸೋಂಕು, ಹಾವು, ಹೇಳಿಕೊಳ್ಳಲಾಗದ ನಾಚಿಕೆ, ಎಲ್ಲವೂ ಬಂತು. ಶಾಂತಿಯ ಮಾತನ್ನು ಹೇಗಿತ್ತೋ ಹಾಗೆಯೇ ಇಳಿಸಿದಳು: "ನನ್ ಕೂಸನ್ನ ನುಂಗಿದ ಜಾಗ ಇದು. ಆದ್ರೂ ಬೆನ್ನು ನೆಲಕ್ಕೆ ಆಕಾಕೆ ನಂಗೆ ಬೇರೆ ಜಾಗ ಇಲ್ಲ." ಮೇಡಂ ಮೊದಲ ವಾಕ್ಯಕ್ಕೆ ಗೆರೆ ಎಳೆದು ಮೆಚ್ಚಿದರು. ಎರಡನೆಯದನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದು ಇದ್ದರೆ ನೀನು ಗುಡ್ಲನ್ನ ಸಮರ್ಥನೆ ಮಾಡಿದ ಹಾಗಾಗತ್ತೆ. ಪರೀಕ್ಷಕರು ಒಪ್ಪಲ್ಲ. ತೆಗೆದುಬಿಡು." ಕಾರ್ತಿಕಾ ತೆಗೆಯಲಿಲ್ಲ, ಇರಲಿ ಎಂದು ವಾದಿಸಲೂ ಇಲ್ಲ. ಕೊನೆಯ ಅಧ್ಯಾಯ, ಅಂದರೆ ಏನು ಮಾಡಬೇಕೆಂಬ ಶಿಫಾರಸು, ಬರೆಯುವಾಗ ನೋಡೋಣ ಎಂದುಕೊಂಡಳು.

ಅಷ್ಟರಲ್ಲಿ ಕಾಲೇಜಿನ ಸಭೆಯಲ್ಲಿ ಅವಳು ಓದಿ ತೋರಿಸಿದ ಅರ್ಧ ಪ್ರಬಂಧ ಯಾರಿಂದಲೋ ಯಾರಿಗೋ ಹೋಯಿತು. ಒಂದು ದಿನ ಸೀಗೇಹಳ್ಳಿಗೆ ಜೀಪು ಬಂತು. ಹುಣಸೆಮರದ ಕೆಳಗೆ ಸಭೆ ಸೇರಿಸಿದ ಅಧಿಕಾರಿಣಿ ತಮಿಳಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ಇದು ಅಮಾನವೀಯ, ಕಾನೂನಿಗೂ ವಿರುದ್ಧ, ನಿಲ್ಲಿಸಬೇಕು ಎಂದಳು. ಗಂಡಸರು ದೇವರ ಹೆಸರು ಹೇಳಿ ರೇಗುತ್ತಾರೆ, ಕೋಲು ಎತ್ತುತ್ತಾರೆ ಎಂದು ಕಾರ್ತಿಕಾ ಹೆದರಿದ್ದಳು. ಹಾಗೇನೂ ಆಗಲಿಲ್ಲ. ಮಾರಿಯಪ್ಪನೇ ಮೊದಲು ಎದ್ದು ಟವೆಲ್ ಕೊಡವಿದ. "ಸರ್ಕಾರ ಏಳೈತೆ ಅಂದ್ಮೇಲೆ ಮುಗೀತು. ಇನ್ಮೇಲೆ ಯಾರೂ ಆಚೆ ಕೂರ್ಬೇಡಿ. ಮನೇಲೇ ಇರಿ, ಎಂದಿನಂಗೆ ಗೇಯ್ಕಂಡು." ಉಳಿದವರೂ ತಲೆಯಾಡಿಸಿದರು. ತಿಂಗಳಲ್ಲಿ ಮೂರು ದಿನ ತಣ್ಣನೆ ಅನ್ನ ತಿನ್ನುವುದು ಅವರಿಗೂ ಸಾಕಾಗಿತ್ತು. ಅದೇ ವಾರ ತಗಡು ಬಿಚ್ಚಿದರು. ಅದು ಮಾರಿಯಪ್ಪನ ರೊಪ್ಪಕ್ಕೇ ಸೂರಾಯಿತು.

ಒಳ್ಳೆಯದೂ ಆಯಿತು, ಅದನ್ನು ಮುಚ್ಚಿಡುವಂತಿಲ್ಲ. ಆ ತಿಂಗಳು ಮುಟ್ಟಾದ ದಿನ ಸರಿತಾ ಓಡಿಬಂದು ಅಮ್ಮನ ತೊಡೆಯೇರಿದಳು. ಮೊದಲೆಲ್ಲ ಬೇಲಿಯಾಚೆ ನಿಂತು ಕೈಬೀಸುತ್ತಿದ್ದ ಮಗು. ಅವಳ ಕೂದಲಿನ ವಾಸನೆ ಮೂಸುತ್ತಾ ಕಾರ್ತಿಕಾಳಿಗೆ, ಇದಕ್ಕಾದರೂ ಗುಡ್ಲು ಹೋದದ್ದು ಸರಿ ಎನಿಸಿತು. ಆಮೇಲೆ ಹೊಟ್ಟೆನೋವಿನಲ್ಲೇ ಎದ್ದು ರೊಪ್ಪ ಗುಡಿಸಿದಳು. ನಲ್ಲಿಯ ಹತ್ತಿರ ಶಾಂತಿ ಸಿಕ್ಕಳು. ಸೊಂಟದ ಮೇಲೆ ಕೊಡ, ಕಣ್ಣಿನ ಕೆಳಗೆ ಕಪ್ಪು.

"ಬಾರಮ್ಮ ಆಪೀಸರ್ರೇ! ಎಂಗೈತೆ ನಿನ್ ಪಡಿಪ್ಪು?"

"ಯಾಕಕ್ಕ ಹಂಗಂತೀಯ."

"ಇನ್ನೆಂಗನ್ಲಿ? ಆ ಗುಡ್ಲು ಸುಟ್ಟೋಗ್ಲಿ ಅಂತ ನಾನೇ ಎಷ್ಟು ಸಲ ಶಾಪ ಆಕಿದ್ದೆ. ಸುಟ್ಟೋಯ್ತು. ನನ್ ಮೂರು ದಿನಾನೂ ಅದ್ರ ಜೊತೆ ಸುಟ್ಟೋಯ್ತಲ್ಲೇ. ನಿಮ್ ಪುಸ್ತಕದಾಗೆ ಅದ್ಕೇನಾದ್ರೂ ಬರ್ದಿದ್ದೀರಾ?"

ಬರೆದಿರಲಿಲ್ಲ. ಅದನ್ನೇ ಬರೆಯಬೇಕಿತ್ತು, ಆದರೆ ಬರೆಯಲು ಜಾಗವಿರಲಿಲ್ಲ. ಮಧ್ಯಾಹ್ನ ಕೂತರೆ ಮರಿ ಅರಚುತ್ತಿತ್ತು. ಸಂಜೆ ಕೂತರೆ ಶಿವಾ ಟೀ ಕೇಳುತ್ತಿದ್ದ. ಗಡುವು ಈ ವಾರಕ್ಕೆ ಬಂದು ನಿಂತಾಗ ಕಾರ್ತಿಕಾ ಗಂಡನ ಮುಂದೆ ನಿಂತಳು.

"ಏನ್ರೀ, ಶುಕ್ರವಾರ ಕೊಡ್ಬೇಕು. ಅಲ್ಲೀತನಕ ನಾನು ಒಲೆ ಹಚ್ಚಲ್ಲ, ನೀರು ತರಲ್ಲ. ಮೇವಿನ ಕೋಣೇಲಿ ಕೂತು ಬರೀತೀನಿ."

"ಮುಟ್ಟಾ?" ಎಂದ ಶಿವಾ, ಫೋನಿನಿಂದ ಕಣ್ಣೆತ್ತದೆ.

"ಅಲ್ಲ."

"ಮೈ ಸರಿ ಇಲ್ವಾ?"

"ಸರಿಯಾಗಿದ್ದೀನಿ."

ಈಗ ಅವನು ಕಣ್ಣೆತ್ತಿದ. "ಸರಿಯಾಗಿದ್ರೆ ಯಾಕೆ ಹಚ್ಚಲ್ಲ?"

ಈ ಪ್ರಶ್ನೆಯಲ್ಲಿ ಕೆಡುಕಿರಲಿಲ್ಲ. ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. "ಬರೀಬೇಕು, ಅದಕ್ಕೆ" ಎಂದಳು. "ಬರಿ, ಬೇಡ ಅಂದೋರ್ಯಾರು?" ಎಂದು ಅವನು ಟೆಂಪೋ ಕೀಲಿ ತೆಗೆದುಕೊಂಡು ಹೋದ.

ಅವಳು ಮೇವಿನ ಕೋಣೆಯ ಬಾಗಿಲು ಹಾಕಿಕೊಂಡಳು. ಮೊದಲ ದಿನ ಶಿವಾ ಪೆನ್ನಾಗರಂನಿಂದ ಪರೋಟ ತಂದ. ಸರಿತಾಳಿಗೆ ಹಬ್ಬ. ಮಾರಿಯಪ್ಪ ಎರಡು ತಿಂದು, ಹೊಟ್ಟೆಗೆ ಇದು ಸರಿಯಲ್ಲ ಎಂದು ಗೊಣಗಿದ. ಮರುದಿನ ಬೆಳಿಗ್ಗೆ ಅಡುಗೆಕೋಣೆಯಲ್ಲಿ ಪಾತ್ರೆಯ ಸದ್ದು ಕೇಳಿತು. ಅತ್ತೆ ಎದ್ದಿದ್ದಾಳೆ ಎಂದುಕೊಂಡಳು ಕಾರ್ತಿಕಾ. ಆದರೂ ಏಳಲಿಲ್ಲ. ಒಂದು ಪ್ಯಾರಾ ಬರೆದಳು. ಹೊಗೆ ಮೇವಿನ ಕೋಣೆಗೂ ಬಂತು. ಆ ಹೊಗೆಯಲ್ಲಿ ಕೆಮ್ಮು ಕೇಳಿತು. ಅದು ಮುದುಕಿಯ ಕೆಮ್ಮಾಗಿರಲಿಲ್ಲ.

ಬಾಗಿಲು ತೆಗೆದು ಓಡಿದಳು. ಮಣೆಯ ಮೇಲೆ ಇನ್ನೊಂದು ಮಣೆ ಇಟ್ಟು, ಅದರ ಮೇಲೆ ನಿಂತು, ಶಾಲೆಗೆ ಹೋಗಬೇಕಾಗಿದ್ದ ಸರಿತಾ ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದು ಕುದಿಯುವ ಹಿಟ್ಟು ತಿರುವುತ್ತಿದ್ದಳು. ಮೊಣಕೈ ತನಕ ಕೆಂಪು ಚುಕ್ಕೆಗಳು. ಹಿಟ್ಟು ಹಾರಿದ್ದು. ಮುತ್ಯಾಲಮ್ಮ ಗೋಡೆಗೊರಗಿ ಕೂತು ಹೇಳಿಕೊಡುತ್ತಿದ್ದಳು.

"ಒತ್ತಿ ತಿರುವು ಪಾಪ್ಪಾ, ಗಂಟಾಯ್ತದೆ. ಆಂ, ಅಂಗೇ!" ಸೊಸೆಯನ್ನು ಕಂಡು ಅವಳ ಮುಖ ಅರಳಿತು. "ನೋಡಮ್ಮಿ, ನಂಗೆ ನಿಲ್ಲಾಕೆ ಆಗಾಕಿಲ್ಲ ಅಂತ ಮಗು ತಾನೇ ಎದ್ದೈತೆ. ನೀನ್ ಓಗಿ ಬರಿ, ನಿಂಗ್ಯಾಕೆ ಚಿಂತೆ. ನಾವ್ ನೋಡ್ಕತೀವಿ."

ಸರಿತಾ ಹೆಮ್ಮೆಯಿಂದ ನಕ್ಕಳು. ಆ ನಗೆಯನ್ನು ಕಾರ್ತಿಕಾ ತಾಳಲಾರದೇ ಹೋದಳು. ಮಗಳನ್ನು ಸೊಂಟ ಹಿಡಿದು ಕೆಳಗಿಳಿಸಿದಳು. ಪಕ್ಕದಲ್ಲಿದ್ದ ಕೊಡವನ್ನು ಎತ್ತಿ ಉರಿಯುವ ಒಲೆಗೆ ಸುರಿದಳು.

ಬುಸ್ಸೆಂದು ಬೂದಿ ಎದ್ದಿತು. ಮುತ್ಯಾಲಮ್ಮ ಎರಡು ಕೈಯಿಂದ ತಲೆ ಬಡಿದುಕೊಂಡು ಕಿರುಚಿದಳು. ಆ ಊರಿನಲ್ಲಿ ಹೊತ್ತಿದ ಒಲೆಗೆ ನೀರು ಹಾಕುವುದು ಮನೆಯಲ್ಲಿ ಸಾವಾದ ದಿನ ಮಾತ್ರ. ಬಾಕಿ ದಿನ ಕೆಂಡಕ್ಕೆ ಬೂದಿ ಮುಚ್ಚುತ್ತಾರೆಯೇ ಹೊರತು ಆರಿಸುವುದಿಲ್ಲ. ಕಾರ್ತಿಕಾಳಿಗೂ ಅದು ಗೊತ್ತಿತ್ತು. "ಯಾರನ್ನ ಸಾಯಿಸ್ದೇ! ನನ್ನಾ? ನನ್ ಮಗನ್ನಾ?" ಎಂದು ಮುದುಕಿ ಗೋಳಿಟ್ಟಳು. ಕಾರ್ತಿಕಾ ಮಗಳ ಕೈಗೆ ನೀರು ಹಾಕಿದಳು, ಕೊಬ್ಬರಿ ಎಣ್ಣೆ ಹಚ್ಚಿದಳು, ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿದಳು. ಬಸ್ಸು ಊರಾಚೆಯ ಗೇಟಿಗೆ ಬರುವ ಹೊತ್ತಾಗಿತ್ತು, ಮಗಳನ್ನೂ ಕರೆದುಕೊಂಡು ಹೊರಟಳು.

ಸೇಲಂನಲ್ಲಿ ಶಶಿರೇಖಾ ಮೇಡಂ ಏನೂ ಕೇಳದೆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಕೋಣೆ ಬಿಡಿಸಿಕೊಟ್ಟರು. ಸರಿತಾ ಮೆಸ್ಸಿನ ಇಡ್ಲಿ ತಿಂದು ಮಂಚದ ಮೇಲೆ ಚಿತ್ರ ಬರೆಯುತ್ತಾ ಕೂತಳು. ಕಾರ್ತಿಕಾ ಬರೆಯತೊಡಗಿದಳು. ಶಿಫಾರಸು ಒಂದು: ಇಂಥ ಗುಡಿಸಲುಗಳನ್ನು ಮುಚ್ಚಬೇಕು. ಅಲ್ಲಿಗೆ ಕೈ ನಿಂತಿತು. ಮರುದಿನವೂ ಅಲ್ಲೇ ನಿಂತಿದ್ದಾಗ ಫೋನ್ ಬಡಿದುಕೊಂಡಿತು. ಶಿವಾ.

"ಒಲೆ ಆರ್ಸಿ ಓಗಿದ್ದೀಯಲ್ಲಾ. ಅವ್ವ ಒಲೆ ಮುಟ್ತಾ ಇಲ್ಲ."

"ನೀವು ಹಚ್ಚಿ."

"ನಾನ್ ಎಂಗ್ ಹಚ್ಚಾದು? ನೀರಾಕಿದೋಳೇ ಬೆಂಕಿ ಇಡ್ಬೇಕಂತೆ. ಬೇರೆಯೋರು ಇಟ್ರೆ ಸಾವು ಮನೇಲೇ ನಿಲ್ತದಂತೆ. ನಿನ್ನೆಯಿಂದ ಏನೂ ತಿಂದಿಲ್ಲ ಅವ್ವ. ಓಟ್ಲು ಅನ್ನ ತಂದ್ರೆ ಮೂಸೂ ನೋಡಿಲ್ಲ."

ಕಾರ್ತಿಕಾ ಎದ್ದು ನಿಂತಳು. "ಸಕ್ಕರೆ ಮಾತ್ರೆ ತಗೊಂಡ್ರಾ?"

"ಅದನ್ನ ದಿನಾ ತಗತದಲ್ಲ. ತಗೊಂಡೈತೆ."

"ಊಟ ಇಲ್ದೆ ಮಾತ್ರೆ ಕೊಡ್ಬೇಡ್ರೀ! ಸಕ್ಕರೆ ಇಳಿದು ತಲೆ ಸುತ್ತಿ ಬೀಳ್ತಾರೆ. ಈಗಲೇ ಬೆಲ್ಲದ ನೀರು ಕುಡಿಸಿ. ಬೆವರ್ತಾ ಇದ್ರೆ, ಕೈ ನಡುಗ್ತಾ ಇದ್ರೆ, ತಡ ಮಾಡ್ದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ಅಷ್ಟು ಗೊತ್ತಿದ್ರೆ ನೀನೇ ಬಾ."

"ಅತ್ತೆಗೆ ಕೊಡಿ ಫೋನು."

ಫೋನು ಕೈ ಬದಲಾಯಿತು. "ಅತ್ತೆ, ಬೆಲ್ಲದ ನೀರು ಕುಡೀರಿ. ನನ್ನ ಆಣೆ."

"ನಿನ್ ಆಣೆ ನಂಗ್ಯಾಕೆ?" ಮುತ್ಯಾಲಮ್ಮನ ದನಿ ತೆಳ್ಳಗಿತ್ತು. "ಕುಡಿತೀನಿ ಬಿಡು. ಸಾಯಾಕಿಲ್ಲ. ಒಲೆ ಆರೈತೆ, ನೀರಿಲ್ಲ, ಯಾರೂ ಏನೂ ಕೇಳಾಕಿಲ್ಲ. ಗೋಡೆಗೊರಗಿ ಸುಮ್ನೆ ಕುಂತಿದ್ದೀನಿ." ಮತ್ತೆ ಹೇಳಿದಳು, "ಇಂಗೆ ಯಾವತ್ತೂ ಕುಂತಿರ್ಲಿಲ್ಲ."

ಅದು ಬೈಗುಳವೋ, ಬೇರೆ ಏನೋ, ಕಾರ್ತಿಕಾಳಿಗೆ ತಿಳಿಯಲಿಲ್ಲ. ಕೇಳುವ ಮೊದಲೇ ಫೋನು ಶಿವಾನ ಕೈಗೆ ಹೋಗಿತ್ತು. ಬೆಲ್ಲದ ನೀರು ಕುಡಿದಳು ಎಂದು ಅವನು ಹೇಳುವ ತನಕ ಹಿಡಿದು ನಿಂತಳು. ಆಮೇಲೆ ಕೂತಳು. ಹಸಿದ ಒಬ್ಬ ಮುದುಕಿ ಆಚೆ ಕಡೆ, ಬೊಬ್ಬೆ ಎದ್ದ ಕೈಯ ಮಗು ಈಚೆ ಕಡೆ, ಇವರಿಬ್ಬರ ನಡುವೆ ತಾನು ಯಾವ ಜಗತ್ತಿನ ಆರೋಗ್ಯದ ಬಗ್ಗೆ ಬರೆಯುತ್ತಿದ್ದೇನೆ ಎಂದು ಅವಳಿಗೆ ನಗು ಬಂತು, ಬಾಯಿಗೆ ಸೆರಗು ತುರುಕಿ ಅತ್ತಳು. ಆದರೂ ಬರೆದಳು. ಶಿಫಾರಸು ಎರಡು: ಗುಡಿಸಲು ಮುಚ್ಚುವ ಮೊದಲು, ಅಲ್ಲಿಗೆ ಬರುವ ಹೆಂಗಸು ಬಿಟ್ಟುಬಂದ ಕೆಲಸಗಳನ್ನು ಅವಳ ಮನೆಯ ಗಂಡಸರು ಹೊರಬೇಕು. ಕೆಲಸ ಇನ್ನೊಬ್ಬ ಹೆಣ್ಣಿನ ಮೇಲೆ, ಮುದುಕಿಯ ಮೇಲೆ, ಮಗುವಿನ ಮೇಲೆ ಜಾರುವುದಾದರೆ ಅದು ಬಿಡುಗಡೆಯಲ್ಲ. ಇಷ್ಟೇ. ಇದಕ್ಕೆ ಆಧಾರ ಗ್ರಂಥ ಹುಡುಕಲು ಹೊತ್ತಿರಲಿಲ್ಲ. ಶಾಂತಿಯ ಎರಡನೆಯ ವಾಕ್ಯವನ್ನು ಅಲ್ಲೇ ಉಳಿಸಿದಳು.

ಶುಕ್ರವಾರ ಕಚೇರಿ ತೆರೆದ ಕೂಡಲೇ ಒಪ್ಪಿಸಿದಳು. ಮೇಡಂ ಪುಟ ತಿರುವಿ ಆ ವಾಕ್ಯವನ್ನು ಕಂಡರು, ಅವಳ ಮುಖವನ್ನೂ ಕಂಡರು. "ಪಾಸಾಗತ್ತೋ ಇಲ್ವೋ ನಂಗೊತ್ತಿಲ್ಲ ಕಾರ್ತಿಕಾ" ಎಂದರು. ಸಹಿ ಹಾಕಿದರು.

ಬಸ್ಸಿನಲ್ಲಿ ಸರಿತಾ ನಿದ್ದೆ ಹೋದಳು. ಮನೆ ಸೇರಿದಾಗ ಬಿಸಿಲು ನೆತ್ತಿಯಲ್ಲಿತ್ತು. ರೊಪ್ಪ ನಾರುತ್ತಿತ್ತು, ಮೇಯಲು ಬಿಡದ ಕುರಿಗಳು ಒಳಗೇ ಅರಚುತ್ತಿದ್ದವು. ನೊಣ ಮುತ್ತಿದ ಎಂಜಲು ಪಾತ್ರೆಗಳ ನಡುವೆ ಮೂವರೂ ಕೂತಿದ್ದರು. ಮುತ್ಯಾಲಮ್ಮ ಇನ್ನೂ ಅದೇ ಗೋಡೆಗೆ ಒರಗಿದ್ದಳು. ತುಟಿ ಒಣಗಿತ್ತು, ಕಣ್ಣು ತೆರೆದಿತ್ತು. ಮಾರಿಯಪ್ಪ ಸೊಸೆಯ ಕಡೆ ನೋಡಲಿಲ್ಲ. ಒಲೆಯ ಕಡೆ ಗದ್ದ ತೋರಿಸಿದ.

"ಅಚ್ಚು. ಆಮೇಲೆ ಮಾತು."

ಕಾರ್ತಿಕಾ ಕುಕ್ಕುರುಗಾಲಲ್ಲಿ ಕೂತಳು. ಹೆಪ್ಪುಗಟ್ಟಿದ ಬೂದಿಯನ್ನು ಕೈಯಿಂದಲೇ ಬಾಚಿ ತೆಗೆದಳು. ಒಣ ಸೌದೆ ಜೋಡಿಸಿ, ತೆಂಗಿನ ಗರಿ ಸಿಕ್ಕಿಸಿ, ಬೆಂಕಿಕಡ್ಡಿ ಗೀರಿದಳು. ಒದ್ದೆ ಒಲೆ ಮೊದಲು ಹೊಗೆಯಾಡಿ ಆಮೇಲೆ ಹತ್ತಿಕೊಂಡಿತು. ಮುತ್ಯಾಲಮ್ಮ ಕೈಮುಗಿದಳು.

ಕಾರ್ತಿಕಾ ಎದ್ದು ಕೈ ಒರೆಸಿಕೊಂಡಳು. "ಹಚ್ಚಿದ್ದೀನಿ" ಎಂದಳು. ಮಗಳನ್ನು ಕರೆದುಕೊಂಡು ಹೊಸಿಲ ಮೇಲೆ ಕೂತಳು. ಸರಿತಾ ನೀರು ತರಲೆಂದು ಕೊಡದ ಕಡೆ ಎದ್ದಾಗ ಅವಳ ಲಂಗ ಹಿಡಿದು ಮತ್ತೆ ಕೂರಿಸಿದಳು.

ಒಲೆ ಉರಿಯುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಹಚ್ಚುವ ನೇಮ ಇತ್ತೇ ಹೊರತು, ಹಚ್ಚಿದವಳೇ ಎಸರಿಡಬೇಕೆಂಬ ನೇಮ ಯಾರಿಗೂ ನೆನಪಾಗಲಿಲ್ಲ. ಮಾರಿಯಪ್ಪ ಮಗನನ್ನು ನೋಡಿದ. ಶಿವಾ ಬೆಂಕಿಯನ್ನು ನೋಡಿದ, ಖಾಲಿ ಕೊಡಗಳನ್ನು ನೋಡಿದ, ಹೆಂಡತಿಯ ಬೆನ್ನನ್ನು ನೋಡಿದ. "ಲೇ, ಸೌದೆ ಸುಮ್ನೆ ಸುಟ್ಟೋಯ್ತೈತೆ" ಎಂದ. ಕಾರ್ತಿಕಾ ತಿರುಗಲಿಲ್ಲ. ಕೊಳ್ಳಿಯೊಂದು ಮುರಿದು ಒಳಕ್ಕೆ ಬಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಆರುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಹಿಂದೆ ಬಟ್ಟೆ ಸರಿದ ಸದ್ದಾಯಿತು. ಮುತ್ಯಾಲಮ್ಮ ಊದಿದ ಮಂಡಿಯ ಮೇಲೆ ಕೈಯೂರಿ, ಗೋಡೆ ಹಿಡಿದು, ಏಳಲು ನೋಡುತ್ತಿದ್ದಳು. ಕಾರ್ತಿಕಾಳಿಗೆ ಆ ಮಂಡಿ ಲಟಕ್ಕೆಂದದ್ದು ಕೇಳಿಸಿತು. ಅವಳು ಮಗಳ ಲಂಗವನ್ನು ಇನ್ನೂ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ಹೊಸಿಲ ಮೇಲೆ ಕೂತೇ ಇದ್ದಳು.